ವೇಳೆ ಗೊತ್ತಾಗದ ಮದುವೆಗಳು

ಗುಬ್ಬಿಯ ಛತ್ರದ ಬಾಗಿಲಲ್ಲಿ ಒಂದೇ ಬೆಳಿಗ್ಗೆ ಎರಡು ಮದುವೆಯ ಓಲಗದವರು ಬಂದು ನಿಂತು, ಯಾರು ಮೊದಲು ಊದಬೇಕು ಎಂದು ಜಗಳಕ್ಕೆ ಬೀಳಬಹುದಿತ್ತು. ತುಮಕೂರಿನ ಛತ್ರಕ್ಕೆ ಆರತಕ್ಷತೆಗೆಂದು ಅಲಂಕಾರ ಮಾಡಿಸಿಕೊಂಡು ಬಂದಿಳಿದ ಹುಡುಗಿಗೆ ಒಳಗೆ ಯಾರದೋ ಮಗುವಿನ ನಾಮಕರಣ ನಡೆಯುತ್ತಿರುವುದು ಕಾಣಬಹುದಿತ್ತು. ಬೆಳಗಿನ ಆರೂವರೆಯ ಧಾರೆ ಸಂಜೆ ಆರೂವರೆಗೆ ಹೋಗಿ ಕೂರಬಹುದಿತ್ತು. ಯಾರೂ ಮದುವೆ ಮಾಡದ ಆಷಾಢದಲ್ಲಿ ಎಲ್ಲ ದಿನವೂ ಭರ್ತಿ, ಎಲ್ಲರೂ ಮುಗಿಬೀಳುವ ಮಾಘದಲ್ಲಿ ಎಲ್ಲ ದಿನವೂ ಖಾಲಿ ಎಂದು ತೋರಿಸಬಹುದಿತ್ತು. ಅಡುಗೆಯವರಿಗೆ ಐನೂರು ಜನ ಎಂದು ಹೋಗಬೇಕಾದದ್ದು ಐವತ್ತು ಎಂದು ಹೋಗಿ, ಎರಡನೆಯ ಪಂಕ್ತಿಗೆ ಕೂತ ಬೀಗರ ಎಲೆಗೆ ಉಪ್ಪು, ಉಪ್ಪಿನಕಾಯಿ ಬಿಟ್ಟು ಬೇರೇನೂ ಬೀಳದಿರಬಹುದಿತ್ತು. ಕನ್ನಡದ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿ, ಛತ್ರದ ಮುಂದಿನ ದೀಪದ ಬೋರ್ಡಿನಲ್ಲಿ ಪ್ರಶ್ನೆ ಚಿಹ್ನೆಯೊಂದಿಗೆ ಪ್ರಶ್ನೆ ಚಿಹ್ನೆಯ ಶುಭವಿವಾಹ ಎಂದು ಮಿನುಗಬಹುದಿತ್ತು. ಬ್ಯಾಕಪ್ ಇದೆ ಎಂದು ನಾವು ನಂಬಿಕೊಂಡಿದ್ದ ಜಾಗದಲ್ಲಿ ಬ್ಯಾಕಪ್ ಇಲ್ಲದಿರಬಹುದಿತ್ತು. ಇಷ್ಟೆಲ್ಲ ಆಗುವ ಹೊತ್ತಿಗೆ ಸರಿಯಾಗಿ ನನಗೆ ಹಲ್ಲುನೋವು ಬರಬಹುದಿತ್ತು.

ಇದು ಒಂದೇ ಸಲ ಕೂತು ಯೋಚಿಸಿದ್ದಲ್ಲ. ಪಾತ್ರೆ ತೊಳೆಯುವಾಗ ಒಂದು, ಬಸ್ಸಿಗೆ ಕಾಯುವಾಗ ಒಂದು, ಹಾಲು ಉಕ್ಕಿಸಿಕೊಂಡು ಒಲೆ ಒರೆಸುವಾಗ ಇನ್ನೊಂದು. ನನ್ನ ಗಂಡ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನು ನೋಡಿಕೊಂಡು ಬಂದಿದ್ದಾರೆ. "ಚಿಂತೆ ಮಾಡೋಕೆ ಏನೂ ಇಲ್ಲ ಅಂದ್ರೆ ಅದ್ಯಾಕೆ ಇಲ್ಲ ಅಂತ ಚಿಂತೆ ಮಾಡ್ತೀಯ ಕಣೇ" ಎನ್ನುತ್ತಾರೆ. ನಗುವುದಿಲ್ಲ. ಅವರ ಮಟ್ಟಿಗೆ ಅದು ತಮಾಷೆಯ ಮಾತಲ್ಲ.

ಆದರೆ ಈ ಸ್ವಭಾವಕ್ಕೆ ಸಂಬಳ ಕೊಡುವ ಒಂದು ಜಾಗ ಲೋಕದಲ್ಲಿದೆ. ಅದು ಸದಾಶಿವನಗರದಲ್ಲಿ ಒಂದು ಮನೆಯ ಮಹಡಿಯ ಮೇಲಿರುವ ನಮ್ಮ ಆಫೀಸು. ಕೆಳಗೆ ಮನೆಯವರು ಒಗ್ಗರಣೆ ಹಾಕಿದರೆ ಮೇಲೆ ನಾವು ಸೀನುತ್ತೇವೆ. ಮದುವೆ ಛತ್ರಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟು, ಆಮೇಲೆ ಅದನ್ನು ಕೆಡದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಅದರಲ್ಲಿ ನನ್ನ ಪಾಲಿನದು ಟೆಸ್ಟುಗಳು. ಟೆಸ್ಟು ಎಂದರೆ ಸಾಫ್ಟ್‌ವೇರಿಗೆ ಪ್ರಶ್ನೆ ಕೇಳುವ ಇನ್ನೊಂದು ಪುಟ್ಟ ಪ್ರೋಗ್ರಾಂ. ಭಾನುವಾರ ಭರ್ತಿಯಾಗಿದೆ, ಅದೇ ಭಾನುವಾರವನ್ನು ಇನ್ನೊಬ್ಬರು ಕೇಳಿದರೆ ಏನು ಹೇಳುತ್ತೀಯ? ಇಲ್ಲ ಎನ್ನಬೇಕು. ಎಂದರೆ ಹಸಿರು, ಅನ್ನದಿದ್ದರೆ ಕೆಂಪು. ಯಾರಾದರೂ ಏನಾದರೂ ಬದಲಾಯಿಸಿದಾಗಲೆಲ್ಲ ಈ ಪ್ರಶ್ನೆಗಳು ತಾವಾಗಿ ಮತ್ತೆ ಕೇಳಿಕೊಳ್ಳುತ್ತವೆ. ನನಗೆ ಬಂದ ಒಂದೊಂದು ದಿಗಿಲಿಗೂ ಒಂದೊಂದು ಟೆಸ್ಟು ಬರೆದಿಟ್ಟಿದ್ದೇನೆ. ಬೇಕಾದಷ್ಟಿವೆ.

ಇವೆಲ್ಲ ಇದ್ದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯಲ್ಲಿ. ಲೋಕವೆಲ್ಲ ಅದನ್ನು ಬಿಟ್ಟು ವರ್ಷಗಳಾಗಿದ್ದವು. ನಾವು ಬಿಟ್ಟಿರಲಿಲ್ಲ. ಬಿಡೋಣ ಎಂದು ನಾನು ಪ್ರತಿ ಯುಗಾದಿಗೂ ಹೇಳುತ್ತಿದ್ದೆ. ನಮ್ಮ ಸಾಹೇಬರು ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು, ಆದ್ದರಿಂದ ಅವರಿಗೆ ಎಲ್ಲದಕ್ಕೂ ಮುಂದೆ ಬೇಕಾದಷ್ಟು ಸಮಯವಿದೆ. "ಓಡ್ತಾ ಇದೆಯಲ್ಲ ಮೇಡಂ, ಯಾಕೆ ಮುಟ್ಟೋದು?" ಎನ್ನುತ್ತಿದ್ದರು. ಕೊನೆಗೆ ನಮಗೆ ಸರ್ವರ್ ಬಾಡಿಗೆಗೆ ಕೊಟ್ಟವರು, ಹಳೆಯದನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದು ಗಡುವು ಕೊಟ್ಟರು. ಸಾಹೇಬರು ಅದೇ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, ಇದೆಲ್ಲ ತಮಗೇ ಹೊಳೆದ ವಿಚಾರವೇನೋ ಎಂಬಂತೆ, "ಮೇಡಂ, ನಾವು ಹೊಸ ವರ್ಶನ್‌ಗೆ ಹೋಗ್ಬೇಕು. ಇಷ್ಟು ದಿನ ಯಾಕೆ ಹೋಗ್ಲಿಲ್ಲ?" ಎಂದರು.

ನನ್ನ ಸಿಟ್ಟು ಬರುವುದು ನಿಧಾನ. ಮನೆಗೆ ಹೋಗಿ ಸೊಪ್ಪು ಬಿಡಿಸುವಾಗ ಬಂತು.

ಬರುವ ಸೋಮವಾರ ಕುಣಿಗಲ್ಲಿನಲ್ಲಿ ಹೊಸದಾಗಿ ಕಟ್ಟಿಸಿದ ಛತ್ರದವರಿಗೆ ನಮ್ಮ ಸಾಫ್ಟ್‌ವೇರ್ ತೋರಿಸುವುದಿತ್ತು. ಅಷ್ಟರೊಳಗೆ ಎಲ್ಲ ಹಸಿರಾಗಿರಬೇಕು ಎಂದು ಸಾಹೇಬರು ಅಪ್ಪಣೆ ಮಾಡಿದರು. ಹಳೆಯ ಟೆಸ್ಟುಗಳನ್ನು ಹೊಸ ಆವೃತ್ತಿಯ ಕೆಳಗೆ ಮೊದಲ ಸಲ ಓಡಿಸಿದಾಗ ಪರದೆಯ ತುಂಬ ಕೆಂಪು. ಬಹಳಷ್ಟು ಸಣ್ಣಪುಟ್ಟ ತಕರಾರುಗಳು, ಕೂತು ಬಿಡಿಸಿದರೆ ಬಿಡುವಂಥವು. ಒಂದು ಮಾತ್ರ ಎಲ್ಲರಿಗೂ ತಮಾಷೆಯಾಯಿತು. ಐನೂರೈವತ್ತು ಜನ, ಒಂದು ಸಲಕ್ಕೆ ಇನ್ನೂರು ಎಲೆ ಹಾಕಬಹುದು, ಎಷ್ಟು ಪಂಕ್ತಿ? ಹಳೆಯ ಭಾಷೆ ಭಾಗಿಸುವಾಗ ಚಿಲ್ಲರೆಯನ್ನು ಬಿಟ್ಟು ಎರಡು ಎನ್ನುತ್ತಿತ್ತು. ನಾವು ಅದಕ್ಕೆ ಒಂದು ಸೇರಿಸಿ ಮೂರು ಎಂದು ಅಡುಗೆಯವರಿಗೆ ಹೇಳುತ್ತಿದ್ದೆವು. ಹೊಸದು ಚಿಲ್ಲರೆಯನ್ನು ಬಿಡುವುದಿಲ್ಲ. ಎರಡೂಮುಕ್ಕಾಲಿಗೆ ನಮ್ಮ ಒಂದನ್ನೂ ಸೇರಿಸಿ ಮೂರೂಮುಕ್ಕಾಲು ಪಂಕ್ತಿ ಎಂದಿತು.

ಸಾಹೇಬರು ಬಗ್ಗಿ ನೋಡಿದರು. "ಟೆಸ್ಟಲ್ಲಿ ಮೂರು ಅಂತ ಬರ್ದಿದೀರಲ್ಲ, ಅದನ್ನ ಮೂರೂಮುಕ್ಕಾಲು ಮಾಡ್ಬಿಡಿ. ಪಾಸಾಗುತ್ತೆ."

"ಸರ್, ಮುಕ್ಕಾಲು ಪಂಕ್ತೀಲಿ ಪಾಯಸ ಬರುತ್ತಾ, ಬರಲ್ವಾ?"

"ಅದು ಕ್ಯಾಟರಿಂಗ್‌ನೋರ ಪ್ರಾಬ್ಲಂ ಮೇಡಂ."

ಇಲ್ಲಿಂದ ನನ್ನ ತಲೆ ಕಾಯತೊಡಗಿತು. ಮಗು ಲೆಕ್ಕ ತಪ್ಪು ಮಾಡಿದರೆ ಪುಸ್ತಕದ ಹಿಂದಿನ ಉತ್ತರವನ್ನೇ ತಿದ್ದುವ ಮೇಷ್ಟ್ರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ನಮ್ಮಲ್ಲಿ ಇಟ್ಟುಕೊಳ್ಳುತ್ತಾರೆ, ಮೇಲಿನ ಕುರ್ಚಿಯನ್ನೂ ಕೊಡುತ್ತಾರೆ. ಎಲ್ಲಿ ಹೋದರೂ ಇದೇ ರೋಗ. ಸ್ಕೂಟರಿನಲ್ಲಿ ಪೆಟ್ರೋಲ್ ಮುಳ್ಳು ಕೆಂಪಿಗೆ ಬಂದರೆ ಅದರ ಮೇಲೊಂದು ಸ್ಟಿಕ್ಕರ್ ಅಂಟಿಸುವ ಜನ ನಾವು. ನಾನು ಪಂಕ್ತಿಯ ಲೆಕ್ಕವನ್ನು ಸರಿಮಾಡಿ, ಟೆಸ್ಟನ್ನು ಮುಟ್ಟದೆ ಹಸಿರು ಮಾಡಿದೆ. ಸಾಹೇಬರಿಗೆ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳುತ್ತಿದ್ದರು.

ಹೀಗೆ ಒಂದೊಂದೇ ಬಿಡಿಸುತ್ತ ಹೋಗಿ ಕೊನೆಗೆ ಒಂದೇ ಒಂದು ಕೆಂಪು ಉಳಿಯಿತು. ಅದರ ಕತೆ ಹೇಳಬೇಕಾದರೆ ನಮ್ಮ ಕಡೆಯವರು ಛತ್ರ ಹಿಡಿಯುವ ಪದ್ಧತಿಯನ್ನು ಹೇಳಬೇಕು.

ಹಿಂದೆ ಜೋಯಿಸರು ಲಗ್ನ ಕಟ್ಟಿದ ಮೇಲೆ ಛತ್ರ ಹುಡುಕುತ್ತಿದ್ದರಂತೆ. ಈಗ ಛತ್ರ ಸಿಕ್ಕಿದ ಮೇಲೆ ಜೋಯಿಸರ ಹತ್ತಿರ ಹೋಗುವುದು. "ಭಾನುವಾರ ಛತ್ರ ಸಿಕ್ಕೈತೆ, ಅದ್ರಲ್ಲೇ ಒಂದು ಒಳ್ಳೆ ವೇಳೆ ನೋಡಿ" ಎಂದರೆ ಅವರೂ ಹುಡುಕಿಕೊಡುತ್ತಾರೆ. ಗ್ರಹಗಳೂ ಅಡ್ಜಸ್ಟ್ ಮಾಡಿಕೊಳ್ಳುತ್ತವೆ. ಈ ನಡುವೆ, ಛತ್ರ ಕೇಳಿದ ದಿನದಿಂದ ಲಗ್ನ ಕಟ್ಟುವ ದಿನದವರೆಗೆ, ಆ ಭಾನುವಾರ ಬರೀ ಮಾತಿನ ಮೇಲೆ ನಿಂತಿರುತ್ತದೆ. ಛತ್ರದವರು ಹೆಸರು, ಫೋನ್ ನಂಬರು ಹಾಕಿಕೊಂಡು, ಮುಹೂರ್ತದ ಜಾಗವನ್ನು ಖಾಲಿ ಬಿಡುತ್ತಾರೆ. ನಮ್ಮ ಕ್ಯಾಲೆಂಡರಿನಲ್ಲಿ ದಿನಕ್ಕೆ ಬಣ್ಣ ಬರುವುದು ಮುಹೂರ್ತ ತುಂಬಿದ ಮೇಲೆಯೇ. ಅಲ್ಲಿಯವರೆಗೆ ಆ ಬುಕಿಂಗ್ ಕಾಣುವುದು ಪಟ್ಟಿಯಲ್ಲಿ ಮಾತ್ರ. ವೇಳೆ ಇನ್ನೂ ತಿಳಿಸಿಲ್ಲ ಎಂದು ನೆನಪಿಸುವ ಮೆಸೇಜು, ಕೆಳಗೆ ನಮ್ಮ ಆಫೀಸಿನ ನಂಬರಿನೊಂದಿಗೆ, ಆಗಾಗ ಆ ಮನೆಯವರಿಗೆ ತಾನಾಗಿ ಹೋಗುತ್ತದೆ.

ಪಟ್ಟಿ ಮುಹೂರ್ತದ ಪ್ರಕಾರ ಜೋಡಣೆಯಾಗುತ್ತದೆ; ಮುಹೂರ್ತವೆಂದರೆ ಕಂಪ್ಯೂಟರಿಗೆ ಒಂದು ಸಂಖ್ಯೆ. ಮುಹೂರ್ತವೇ ಇಲ್ಲದ್ದು ಎಲ್ಲಿ ಹೋಗಬೇಕು? ಹಳೆಯ ಭಾಷೆ ಖಾಲಿಯನ್ನೂ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ಯಾವುದು ಚಿಕ್ಕದು ಎಂದರೆ, ತಕರಾರಿಲ್ಲದೆ ಖಾಲಿಯೇ ಚಿಕ್ಕದು ಎಂದು ಮೊದಲು ಕೂರಿಸುತ್ತಿತ್ತು. ಹೀಗಾಗಿ ಮಾತಿನ ಮೇಲೆ ನಿಂತ ಮದುವೆಗಳೆಲ್ಲ ಪಟ್ಟಿಯ ತಲೆಗೆ ಬರುತ್ತಿದ್ದವು. ಛತ್ರದವರು ಮೊದಲು ನೋಡುವುದೂ ಅದನ್ನೇ. ಬೇರೆಯವರು ಅದೇ ದಿನ ಕೇಳಿಕೊಂಡು ಬಂದರೆ, ಮೇಲಿರುವವರಿಗೆ ಒಂದು ಫೋನ್ ಮಾಡಿ, "ಇಟ್ಕೊಂಡಿದೀರಾ, ಬಿಡ್ತೀರಾ?" ಎಂದು ಕೇಳುತ್ತಾರೆ. ಇದನ್ನು ಯಾರೂ ಯೋಜನೆ ಮಾಡಿ ಕಟ್ಟಿದ್ದಲ್ಲ. ತಾನಾಗಿ ಹಾಗಿತ್ತು, ಊರಿನ ಪದ್ಧತಿ ಅದರ ಮೇಲೆ ಬಂದು ಕೂತುಬಿಟ್ಟಿತ್ತು. ಹೊಸ ಭಾಷೆ ಮಾತ್ರ ಖಾಲಿಯನ್ನು ಸಂಖ್ಯೆಯೊಂದಿಗೆ ಹೋಲಿಸಲಾರೆ ಎಂದು ಕೆಲಸ ನಿಲ್ಲಿಸಿಬಿಡುತ್ತದೆ. ನಿಜ ಹೇಳಬೇಕೆಂದರೆ ನನಗೆ ಅದರ ಮೇಲೆ ಗೌರವವೇ ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ನಮ್ಮ ಆಫೀಸಿನಲ್ಲಿ ಅದೊಂದೇ.

"ಒಂದೇ ತಾನೇ ಉಳಿದಿರೋದು? ಸ್ಕಿಪ್ ಹಾಕಿ" ಎಂದರು ಸಾಹೇಬರು. ಆ ಟೆಸ್ಟನ್ನು ಓಡಿಸದೆ ಬಿಟ್ಟುಬಿಡಿ ಎಂದರ್ಥ. "ಖಾಲಿ ಇರೋದಕ್ಕೆಲ್ಲ ಒಂದು ದೂರದ ತಾರೀಕು ಕೊಟ್ಬಿಡಿ. ಪಟ್ಟಿ ತಳಕ್ಕೆ ಹೋಗಿ ಸುಮ್ನೆ ಕೂತಿರುತ್ತೆ."

"ತಳದಲ್ಲಿದ್ರೆ ಯಾರು ನೋಡ್ತಾರೆ ಸರ್?"

"ಖಾಲಿ ಅಂದ್ರೆ ಖಾಲಿ ಮೇಡಂ. ಅದ್ರಲ್ಲಿ ನೋಡೋದೇನಿದೆ?"

"ಖಾಲಿ ಅಲ್ಲ ಅದು. ಇನ್ನೂ ಗೊತ್ತಾಗಿಲ್ಲ ಅಷ್ಟೆ."

"ಎರಡೂ ಒಂದೇ ಅಲ್ವಾ?"

ಮಾರನೆಯ ದಿನ ರಜೆ ಹಾಕಿ ಗುಬ್ಬಿಯ ಬಸ್ಸು ಹತ್ತಿದೆ. ವೀರಾವೇಶದಿಂದ ಹೋದೆ ಎಂದು ತಿಳಿಯಬೇಡಿ. ಸಾಹೇಬರು ಹೇಳಿದ್ದೇ ಸರಿಯಿದ್ದು, ಅಂಥ ಬುಕಿಂಗು ಒಂದೂ ಇರದೆ, ನಾನು ಸುಮ್ಮನೆ ಕೂಗಾಡಿದಂತಾದರೆ ಏನು ಗತಿ ಎಂಬ ಚಿಂತೆಗೆ ಹೋದೆ.

ಗುಬ್ಬಿಯ ಛತ್ರದ ಮ್ಯಾನೇಜರು ಕಂಪ್ಯೂಟರಿನ ಪಕ್ಕದಲ್ಲಿ ಎಳನೀರು ಇಟ್ಟುಕೊಂಡು ಕೂತಿದ್ದರು. ಅದು ಕೀಲಿಮಣೆಯ ಮೇಲೆ ಬೀಳಬಹುದು ಎಂದು ನನಗೆ ಮೊದಲು ಹೊಳೆದದ್ದು ಸಹಜವೇ. ವೇಳೆ ಗೊತ್ತಾಗದ ಬುಕಿಂಗು ಇದೆಯೇ ಎಂದು ಕೇಳಿದೆ.

"ಒಂದೈತೆ ನೋಡಿ ಮೇಡಮ್ಮೋರೆ, ತಲೆ ಮ್ಯಾಲೇ ಕುಂತೈತೆ. ಬೆಳ್ಳಾವಿ ಕಡೇರು."

"ಇದು ತಳಕ್ಕೆ ಹೋದ್ರೆ ನೋಡ್ತೀರಾ?"

"ತಳುಕ್ಕೆ ಯಾವನ್ ಹೋಯ್ತಾನೆ? ಮೌಸ್ ಬ್ಯಾರೆ ಕೆಟ್ಟೋಗೈತೆ."

ಅಷ್ಟರಲ್ಲಿ ಬೈಕಿನಲ್ಲಿ ಇಬ್ಬರು ಬಂದರು. ಕೋರ ಎಂಬ ಊರಿನವರು. ಬೆಳ್ಳಾವಿಯವರು ಹಿಡಿದಿದ್ದ ಅದೇ ಭಾನುವಾರ ಅವರಿಗೂ ಬೇಕು. ಲಗ್ನ ಕಟ್ಟಿಸಿಕೊಂಡೇ ಬಂದಿದ್ದರು. ಮ್ಯಾನೇಜರು ಪಟ್ಟಿಯ ತಲೆ ನೋಡಿ, "ತಡೀರಿ, ಒಬ್ರು ಹಿಡ್ದವ್ರೆ" ಎಂದು ಫೋನನ್ನು ಸ್ಪೀಕರಿಗೆ ಹಾಕಿದರು. ಅತ್ತ ಕಡೆ ಹುಡುಗಿಯ ತಾಯಿ.

"ಅಣ್ಣಾ, ಬಿಟ್ಕೊಟ್ಬುಟ್ಟೀರಾ! ಹುಡ್ಗನ ಕಡೆ ಐನೋರು ಕಾಶಿಗೋಗವ್ರಂತೆ. ಮಂಗ್ಳವಾರ ಬತ್ತಾರೆ, ಬಂದ್ಮೇಲೆ ಟೈಮ್ ಹೇಳ್ತೀವಿ ಅಂದವ್ರೆ. ಈ ದಿನ ತಪ್ಪೋದ್ರೆ ಬರೋ ವರ್ಷ ನೋಡಾನ ಅಂತಾರೆ ಕಣಣ್ಣ. ಈಗ್ಲೇ ಹಿಂದೇಟು ಹಾಕ್ತಾವ್ರೆ. ಛತ್ರ ಸಿಕ್ತು ಅಂತ್ಲೇ ಒಪ್ಕೊಂಡಿರೋದು."

"ಬುಧವಾರ್ದವರ್ಗೂ ಇರ್ತದೆ ಕಣಮ್ಮ. ಬುಧವಾರ ಇವ್ರು ಮತ್ತೆ ಬತ್ತಾರೆ, ಆಗ ಒಂದ್ಸಲ ಫೋನ್ ಬತ್ತದೆ. ಟೈಮ್ ಹೇಳು, ಮುಗೀತು."

ಕೋರದವರಲ್ಲಿ ಚಿಕ್ಕವನಿಗೆ ರೇಗಿತು. "ಬರೀ ಮಾತಲ್ಲಿ ಹಿಡ್ದಿರೋದ್ಕೆ ಏನ್ಲಾ ಬೆಲೆ?" ಎಂದು ಜೊತೆಯವನಿಗೆ ಹೇಳಿದ.

ಉತ್ತರ ಮ್ಯಾನೇಜರಿಂದ ಬಂತು. "ಮಾತ್ಗೆ ಬೆಲೆ ಇಲ್ದಿದ್ರೆ ಹೆಣ್ಣೆಂಗ್ಲಾ ಒಪ್ಕೊಂಡ್ ಬಂದೆ? ಬುಧವಾರ ಬಾ ಹೋಗು."

ಅವರು ಹೋದ ಮೇಲೆ ಮ್ಯಾನೇಜರು ನನಗೆ ಇನ್ನೊಂದು ಮಾತು ಹೇಳಿದರು. ಬುಧವಾರ ಅವರು ಊರಲ್ಲಿರುವುದಿಲ್ಲ, ಅವರ ಬಾಮೈದ ಕೂತಿರುತ್ತಾನೆ. "ಅವ್ನಿಗೇನೂ ಹೇಳ್ಕೊಡ್ಬೇಕಾಗಿಲ್ಲ ಬುಡಿ. ಯಾರಾನಾ ಬಂದ್ರೆ ತಲೆ ಮ್ಯಾಲಿರೋರ್ಗೆ ಫೋನ್ ಮಾಡ್ಲಾ ಅಂದಿವ್ನಿ. ಅಷ್ಟೇಯ."

ನಾವು ಹೊಸ ಆವೃತ್ತಿಗೆ ದಾಟುವುದು ಸೋಮವಾರ. ಸಾಹೇಬರ ದೂರದ ತಾರೀಕು ಹಾಕಿದರೆ ಬುಧವಾರ ಬಾಮೈದನ ಕಣ್ಣಿಗೆ ಬೀಳುವುದು ಖಾಲಿ ಭಾನುವಾರ, ಎದುರಿಗೆ ನಿಂತ ಕೋರದವರು. ಬೆಳ್ಳಾವಿಯ ಆ ತಾಯಿ ಬಾರದ ಫೋನಿಗೆ ಕಾಯುತ್ತಿರುತ್ತಾರೆ. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಎಂಥ ಸಿಟ್ಟು ಬಂತೆಂದರೆ, ಪಕ್ಕದ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ಸರಿದರು. ಒಂದು ಮನೆಯ ಮದುವೆ ನಿಂತುಹೋಗುವುದು ದೊಡ್ಡ ಅನಾಹುತದಿಂದ ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ. ಸದಾಶಿವನಗರದಲ್ಲಿ ಯಾರೋ ಒಬ್ಬರು ಟೀ ಕುಡಿಯುತ್ತ "ಸ್ಕಿಪ್ ಹಾಕಿ" ಎನ್ನುವುದರಿಂದ.

ಮರುದಿನ ಆಫೀಸಿನಲ್ಲಿ ಎಲ್ಲವನ್ನೂ ಹೇಳಿದೆ. ಸಾಹೇಬರು ಕೇಳಿದರು, ಕೇಳಿ ತಲೆದೂಗಿದರು, ತಲೆದೂಗಿ, "ಒಂದು ಫ್ಯಾಮಿಲಿಗೋಸ್ಕರ ಡೆಮೋ ಮುಂದಕ್ಕೆ ಹಾಕಕ್ಕಾಗುತ್ತಾ ಮೇಡಂ?" ಎಂದರು.

"ಎಲ್ರೂ ಒಂದೊಂದು ಫ್ಯಾಮಿಲೀನೇ ಸರ್. ಛತ್ರಕ್ಕೆ ಊರಿಗೂರೇ ಒಟ್ಟಿಗೆ ಬಂದು ಮದುವೆ ಆಗಲ್ಲ."

"ಯಾಕೆ ಕೂಗ್ತೀರಾ?"

ಕೂಗುತ್ತಿದ್ದೆನೆಂದು ನನಗೆ ಗೊತ್ತಾದದ್ದು ಆಗಲೇ. ಕೆಳಗಿನ ಮನೆಯಲ್ಲಿ ಮಿಕ್ಸಿ ನಿಂತಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ ಎಂಬುದು ಒಂದು ಕಡೆ ಓಡುತ್ತಲೇ ಇತ್ತು. ಆದರೂ ಬಾಯಿ ತನ್ನಷ್ಟಕ್ಕೆ ಹೇಳಿತು: "ಆ ಟೆಸ್ಟ್ ತೆಗೆಯೋದು ನನ್ ಕೈಲಿ ಆಗಲ್ಲ. ಬೇಕಾದ್ರೆ ನೀವೇ ತೆಗೀರಿ."

ಅದು ಎಲ್ಲಿದೆ ಎಂದು ಸಾಹೇಬರಿಗೆ ಗೊತ್ತಿರಲಿಲ್ಲ. ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದರು. ಆಮೇಲೆ, "ಎಷ್ಟೊತ್ತು ಬೇಕು ಸರಿ ಮಾಡೋಕೆ?" ಎಂದರು.

"ಸಂಜೆವರೆಗೂ."

ಸುಳ್ಳು. ಬೇಕಾದದ್ದು ಒಂದು ಸಾಲು: ವೇಳೆ ಗೊತ್ತಿಲ್ಲದವು ಮೊದಲು, ಉಳಿದವು ಆಮೇಲೆ. ಇಷ್ಟು ದಿನ ತಾನಾಗಿ ನಡೆಯುತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಿದ್ದು, ಅಷ್ಟೇ. ಟೀ ಆರುವುದರೊಳಗೆ ಕೆಂಪು ಹಸಿರಾಯಿತು. ಉಳಿದ ಹೊತ್ತಿನಲ್ಲಿ, ಇನ್ನೂ ಇಳಿಯದ ಸಿಟ್ಟಿಗೆ, ಇನ್ನೊಂದು ಟೆಸ್ಟು ಬರೆದೆ. ಈ ಸಲ ಕಾಲ್ಪನಿಕ ಮದುವೆ ಬೇಡ ಎನ್ನಿಸಿತು. ಗುಬ್ಬಿಯಲ್ಲಿದ್ದ ಬೆಳ್ಳಾವಿಯವರ ಬುಕಿಂಗನ್ನೇ ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡೆ. ಯಾರಾದರೂ ಮುಂದೆಂದಾದರೂ ಸ್ಕಿಪ್ ಹಾಕಲು ಬಂದರೆ, ಹಾಕುತ್ತಿರುವುದು ಯಾರಿಗೆ ಎಂದು ಕಾಣಲಿ.

ಸೋಮವಾರ ಬೆಳಿಗ್ಗೆ ದಾಟಿದೆವು. ಏನೂ ಆಗಲಿಲ್ಲ. ಏನೂ ಆಗದಿದ್ದದ್ದು ಅಂಥ ಸುಖವೇನೂ ಕೊಡಲಿಲ್ಲ, ನಾನು ದಿನವಿಡೀ ಬೋರ್ಡುಗಳಲ್ಲಿ ಪ್ರಶ್ನೆ ಚಿಹ್ನೆಗಳು ಹತ್ತುವುದನ್ನೇ ಕಾಯುತ್ತಿದ್ದೆ. ಮಧ್ಯಾಹ್ನ ಕುಣಿಗಲ್ಲಿನ ಹೊಸ ಛತ್ರದಲ್ಲಿ, ಬಣ್ಣದ ವಾಸನೆ ಇನ್ನೂ ಹೋಗದ ಕೋಣೆಯಲ್ಲಿ, ಸಾಹೇಬರು ಪಟ್ಟಿ ತೋರಿಸಿದರು. ಮಾಲೀಕರು ಬಹಳ ಹೊತ್ತು ಗಂಭೀರವಾಗಿ ನೋಡಿ, "ಈ ನೀಲಿ ಬಣ್ಣ ಶುಭಕಾರ್ಯಕ್ಕೆ ಚೆನ್ನಾಗಿ ಕಾಣಲ್ಲ ಕಣ್ರೀ. ಅರಿಶಿನ ಕೊಡಕ್ಕಾಗುತ್ತಾ?" ಎಂದರು. ಇಷ್ಟಕ್ಕಾಗಿ ಒಂದು ಮದುವೆಯನ್ನು ತಳಕ್ಕೆ ತಳ್ಳಲು ಹೊರಟಿದ್ದೆವು. ಸಾಹೇಬರು ನನ್ನ ಕಡೆ ನೋಡಲಿಲ್ಲ. ನಾನು ಅವರನ್ನೇ ನೋಡುತ್ತಿದ್ದೆ.

ಬುಧವಾರ ಕೋರದವರು ಬಂದರು. ಬಾಮೈದ ತಲೆಯ ಮೇಲಿದ್ದ ಬುಕಿಂಗಿಗೆ ಫೋನ್ ಮಾಡಿದ. ಐನೋರು ಕಾಶಿಯಿಂದ ಬಂದಿದ್ದರು, ಬೆಳಿಗ್ಗೆ ಒಂಬತ್ತೂವರೆಗೆ ಧಾರೆ ಎಂದು ಕೊಟ್ಟಿದ್ದರು. ಆ ತಾಯಿ ಹೇಳಿದರು, ಆತ ತುಂಬಿದ, ಭಾನುವಾರಕ್ಕೆ ಬಣ್ಣ ಬಂತು. ಕೋರದವರು ಶುಕ್ರವಾರಕ್ಕೆ ಒಪ್ಪಿಕೊಂಡು ಹೋದರಂತೆ. ನಾನು ಬಣ್ಣ ಬಂದದ್ದನ್ನು ಆಫೀಸಿನ ಪರದೆಯಲ್ಲಿ ನೋಡಿ, ಉಳಿದದ್ದನ್ನು ಬಾಮೈದನಿಂದ ಫೋನಿನಲ್ಲಿ ಕೇಳಿಕೊಂಡು, ಗಂಡನಿಗೆ ಫೋನ್ ಮಾಡಿ ಹೇಳಿದೆ. "ಮದುವೆ ಊಟಕ್ಕೆ ಕರೆದ್ರಾ?" ಎಂದರು.

ಗುರುವಾರ ಬೆಳಿಗ್ಗೆ ಖುಷಿಗೆ, ಬರೀ ಹಸಿರು ನೋಡುವ ಖುಷಿಗೆ, ಎಲ್ಲ ಟೆಸ್ಟುಗಳನ್ನೂ ಇನ್ನೊಮ್ಮೆ ಓಡಿಸಿದೆ. ಸ್ವಲ್ಪ ಹೊತ್ತಿಗೆ ಆಫೀಸಿನ ಫೋನು ಹೊಡೆದುಕೊಂಡಿತು. ಹಿಂದೆ ಆಟೋದ ಸದ್ದು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು.

"ಯಾರಮ್ಮ ಅದು ಮೆಸೇಜ್ ಕಳಿಸ್ತಿರೋರು? ನಿಮ್ಮ ಮುಹೂರ್ತದ ವೇಳೆ ಇನ್ನೂ ತಿಳಿಸಿಲ್ಲ ಅಂತ ಬಂದೈತಲ್ಲ! ನೆನ್ನೇನೇ ಹೇಳಿದ್ನಲ್ಲ ನಾನು, ಒಂಬತ್ತೂವರೆ ಅಂತ!"

ಟೆಸ್ಟು ಓಡುವಾಗ ನಿಜವಾದ ಸಂದೇಶ ಯಾರಿಗೂ ಹೋಗಬಾರದೆಂದು ನಾನೇ ಒಂದು ತಡೆ ಹಾಕಿದ್ದೆ. ಸಂದೇಶ ಹೊರಹೋಗುವ ದಾರಿಯ ಹೆಸರು ಹೊಸ ಆವೃತ್ತಿಯಲ್ಲಿ ಬದಲಾಗಿದೆ, ನನ್ನ ತಡೆ ಹಳೆಯ ದಾರಿಯಲ್ಲೇ ನಿಂತಿತ್ತು. ಉಳಿದ ಟೆಸ್ಟುಗಳಲ್ಲಿದ್ದ ನಂಬರುಗಳೆಲ್ಲ ಸುಳ್ಳು, ಅವು ಎಲ್ಲೂ ಮುಟ್ಟಲಿಲ್ಲ. ನಿಜವಾದ ನಂಬರು ಇದ್ದದ್ದು ಒಂದರಲ್ಲೇ, ನಾನು ಸಿಟ್ಟಿನಲ್ಲಿ ಇಳಿಸಿಕೊಂಡದ್ದರಲ್ಲಿ; ಅಲ್ಲಿ ಮುಹೂರ್ತ ಇನ್ನೂ ಖಾಲಿ. ಹಿಂದೆ ಓಡಿಸಿದಾಗಲೂ ಮೆಸೇಜು ಹೋಗಿರಬೇಕು, ಆಗ ಅದು ನಿಜವೇ ಆಗಿತ್ತು.

"ಅಮ್ಮಾ, ಅದು ತಪ್ಪಿ ಬಂದಿದೆ. ನಿಮ್ಮ ಛತ್ರ ಭದ್ರವಾಗಿದೆ, ನಾನೇ ನೋಡಿದೀನಿ" ಎಂದೆ.

"ತಪ್ಪಿ ಬತ್ತದಾ? ನನ್ನ ಎದೆ ಹೊಡ್ಕೊಂಬುಡ್ತು ಕಣಮ್ಮ. ಒಲೆ ಮ್ಯಾಗ್ಳ ಸಾರು ಕೆಳುಗ್ ಇಳಿಸಿ ಆಟೋ ಹತ್ತಿವ್ನಿ. ಗುಬ್ಬಿಗೆ ಅರ್ಧ ದಾರಿ ಬಂದ್ಬುಟ್ಟೆ. ಈಗ ಹೋಗ್ಲಾ, ತಿರುಗ್ಲಾ? ಹೇಳು ಬಿರ್ರನೆ."